ಮಹಾಶ್ವೇತಾಳ ಜೇಬಿನ ವಿಭೂತಿ

ಮಹಾಶ್ವೇತಾ ಏನು ಕೆಲಸ ಮಾಡುತ್ತಾಳೆಂದು ಸಿಡ್ನಿಯ ಕೆಲ್ಲಿವಿಲ್‌ನಲ್ಲಿ ಯಾವ ಕನ್ನಡದವರನ್ನಾದರೂ ಕೇಳಿ ನೋಡಿ. ಒಬ್ಬರು ಟಿವಿಯಲ್ಲಿ ಹವಾಮಾನ ಹೇಳುವವಳು ಅನ್ನುತ್ತಾರೆ, ಇನ್ನೊಬ್ಬರು ಮೆಲ್ಬರ್ನ್ ಏರ್‌ಪೋರ್ಟಿನಲ್ಲಿ ಏನೋ ಇದೆಯಂತೆ ಅನ್ನುತ್ತಾರೆ. ತಪ್ಪು ಅವರದಲ್ಲ. ಯುಗಾದಿ ಊಟಕ್ಕೆ ಸೇರಿದ ಆಂಟಿಯರಿಗೆಲ್ಲ ಅವಳೇ "ಆಫೀಸ್ ಕೆಲಸ ರೀ, ವೆದರ್ ಡೇಟಾ" ಎಂದು ಹೇಳಿ ಮಾತನ್ನು ಹೋಳಿಗೆಯ ಕಡೆ ತಿರುಗಿಸಿಬಿಡುತ್ತಿದ್ದಳು. ನಿಜ ಹೇಳಿದರೆ ಯಾರು ನಂಬಬೇಕು? ರೌಸ್ ಹಿಲ್ ಮಾಲಿನಲ್ಲಿ ಎಸ್ಕಲೇಟರ್ ಇಳಿಯುವಾಗ ಗಂಡ ವಿರುಪಾಕ್ಷನ ತೋಳು ಗಟ್ಟಿಯಾಗಿ ಹಿಡಿಯುವ ನಲವತ್ತಮೂರು ವರ್ಷದ ಈ ಧಾರವಾಡದ ಹೆಂಗಸು, ಸಮುದ್ರದ ಮೇಲೆ ಗಿರಗಿರ ಸುತ್ತುವ ಚಂಡಮಾರುತದ ಹೊಟ್ಟೆಯೊಳಗೆ ವಿಮಾನದಲ್ಲಿ ನುಗ್ಗಿ ಅದರ ನಾಡಿ ಹಿಡಿದು ನೋಡಿ ಬರುತ್ತಾಳೆ ಅಂದರೆ ನೀವಾದರೂ ನಂಬುತ್ತೀರಾ? ನಂಬಲೇಬೇಕು. ಹನ್ನೊಂದು ಸಲ ಹೋಗಿ ಬಂದಿದ್ದಳು. ನಾನು ಹೇಳಹೊರಟಿರುವುದು ಹನ್ನೆರಡನೆಯ ಸಲದ ಮಾತು.

ಹವಾಮಾನದ ಹುಚ್ಚು ಅವಳಿಗೆ ಅಪ್ಪನಿಂದ ಹತ್ತಿದ್ದು. ಅಪ್ಪ ಶಾಂತವೀರಪ್ಪ ಧಾರವಾಡದ ಹೊರಗಿನ ಕೃಷಿ ಫಾರ್ಮಿನಲ್ಲಿ ಮಳೆ ಅಳೆಯುವವರಾಗಿದ್ದರು. ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು ಲೆಡ್ಜರಿನಲ್ಲಿ ಬರೆಯುವುದು, ಮಗಳು ಪಕ್ಕದಲ್ಲಿ ನಿಂತು ನೋಡುವುದು. ಒಂದು ದಿನ ಅವಳ ಕೈ ತಾಗಿ ಆ ನೀರು ಚೆಲ್ಲಿಹೋಯಿತು. ಹುಡುಗಿ ಜಾಣೆ, ಓಡಿಹೋಗಿ ನಳದಿಂದ ಅಷ್ಟೇ ನೀರು ತಂದು ಹಾಕಿದಳು. ಅಪ್ಪ ಬೈಯಲಿಲ್ಲ. ನಳದ ನೀರು ಹೊರಗೆ ಚೆಲ್ಲಿ, ಲೆಡ್ಜರಿನ ಆ ದಿನದ ಸಾಲಿನಲ್ಲಿ "ಚೆಲ್ಲಿದೆ" ಎಂದು ಬರೆದು, "ತಪ್ಪಾದ್ರ ತಪ್ಪಾಗೇತಿ ಅಂತ ಬರೀಬೇಕವ್ವ, ಸುಳ್ಳು ನೀರು ತುಂಬಬಾರದು" ಅಂದರು. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಅಂದಿನಿಂದ ಅವ್ವ ಗಿರಿಜವ್ವ ಮಗಳ ಜೊತೆ ಕೆಲ್ಲಿವಿಲ್‌ನಲ್ಲೇ ಇದ್ದಾರೆ.

ಇನ್ನು ಅವಳ ಕೆಲಸ. ಚಂಡಮಾರುತವನ್ನು ಉಪಗ್ರಹ ಮೇಲಿನಿಂದ ನೋಡುತ್ತದೆ, ತಲೆಯ ಮೇಲಿನ ಕೂದಲು ನೋಡಿ ಹೊಟ್ಟೆನೋವು ಹೇಳಿದ ಹಾಗೆ. ಒಳಗೆ ಗಾಳಿ ಎಷ್ಟಿದೆ, ಒತ್ತಡ ಎಷ್ಟು ಕುಸಿದಿದೆ ಎಂದು ತಿಳಿಯಬೇಕಾದರೆ ಒಳಗೇ ಹೋಗಬೇಕು. ಅವಳ ಸಂಶೋಧನಾ ತಂಡದ ವಿಮಾನ ಮೆಲ್ಬರ್ನಿನ ಪಶ್ಚಿಮ ಅಂಚಿನ ಹ್ಯಾಂಗರಿನಲ್ಲಿರುತ್ತಿತ್ತು. ಉತ್ತರದ ಸಮುದ್ರದಲ್ಲಿ ಸೈಕ್ಲೋನ್ ಎದ್ದರೆ ಅಲ್ಲಿಂದ ಕ್ವೀನ್ಸ್‌ಲ್ಯಾಂಡಿಗೆ, ಅಲ್ಲಿ ಇಂಧನ ತುಂಬಿಸಿಕೊಂಡು ಸೀದಾ ಅದರ ಬಾಯಿಗೆ. ಒಳಗೆ ಹೋದಮೇಲೆ ಮಹಾಶ್ವೇತಾ ತನ್ನ ಸೀಟಿನ ಪಕ್ಕದ ಕೊಳವೆಯಿಂದ ಒಂದೊಂದೇ ಸೋಂಡ್ ಕೆಳಗೆ ಬಿಡಬೇಕು. ಸೋಂಡ್ ಅಂದರೆ ಮೊಣಕೈ ಉದ್ದದ, ಪುಟ್ಟ ಪ್ಯಾರಾಚೂಟ್ ಕಟ್ಟಿದ ಹಗುರ ಯಂತ್ರ. ಅದು ಸಮುದ್ರಕ್ಕೆ ಬೀಳುವಷ್ಟರಲ್ಲಿ ದಾರಿಯ ಗಾಳಿ, ಒತ್ತಡ ಎಲ್ಲ ಅವಳ ಪರದೆಗೆ ಕಳಿಸುತ್ತದೆ. ಆ ಅಂಕಿ ನೋಡಿ ಕರಾವಳಿಯ ಯಾವ ಊರು ಖಾಲಿಯಾಗಬೇಕು ಎಂದು ನಿರ್ಧಾರ ಮಾಡುತ್ತಾರೆ.

ಮೊದಲ ಹತ್ತು ಸಲ ಹೆದರಿಕೆ ಇತ್ತು, ಆದರೆ ಅದು ಪರೀಕ್ಷೆಗೆ ಹೋಗುವಾಗಿನ ಹೆದರಿಕೆ. ಹನ್ನೊಂದನೆಯ ಸಲ ಯಾರೋ ಕಾಫಿ ಫ್ಲಾಸ್ಕಿನ ಮುಚ್ಚಳ ಕಟ್ಟಲು ಮರೆತಿದ್ದರು. ವಿಮಾನ ಒಮ್ಮೆಲೇ ಕೆಳಕ್ಕೆ ಬಿದ್ದಾಗ ಆ ಮುಚ್ಚಳ ಹಾರಿ ಮುಂದಿನವನ ಹುಬ್ಬು ಸೀಳಿತು. ಮುಚ್ಚಳ, ಬರೀ ಮುಚ್ಚಳ! ರಕ್ತದ ಹನಿಗಳು ಕೆಳಗೆ ಬೀಳದೆ ಗಾಳಿಯಲ್ಲೇ ನಿಂತದ್ದನ್ನು ಮಹಾಶ್ವೇತಾ ಕಣ್ಣಾರೆ ನೋಡಿದಳು. ಎಸ್ಕಲೇಟರಿನ ಹೆದರಿಕೆ ಶುರುವಾದದ್ದು ಆಮೇಲೆ. ಲಿಫ್ಟನ್ನೂ ಬಿಟ್ಟು ಮೆಟ್ಟಿಲು ಹತ್ತಿ ಇಳಿಯತೊಡಗಿದಳು. ಮುಂದಿನ ಸಲ ಹೋದರೆ ವಾಪಸು ಬರುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿಬಿಟ್ಟಿತ್ತು. ಡಾಕ್ಟರಿಗೆ ಹೇಳಿದರೆ ಸೀಟು ಹೋಗುತ್ತದೆ, ಗಂಡನಿಗೆ ಹೇಳಿದರೆ ಅವನ ನಿದ್ದೆ ಹೋಗುತ್ತದೆ. ಯಾರಿಗೂ ಹೇಳಲಿಲ್ಲ.

ಅವ್ವನಿಗೆ ಹೇಳುವುದೇ ಬೇಕಿರಲಿಲ್ಲ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಮೆಲ್ಬರ್ನಿಗೆ ಹೊರಡುವಾಗ ಗಿರಿಜವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು.

"ಆಫೀಸಿಗೆ ಹೋಗಾಕಿ ಹಿಂಗ್ಯಾಕ ನಡಗಾಕತ್ತೀ?"

"ಎಲ್ಲಿ ನಡಗಾಕತ್ತೀನವ್ವಾ? ಥಂಡಿ ಐತಿ."

"ಮಾರ್ಚ್‌ನ್ಯಾಗ ಥಂಡಿ! ನನಗ ಕಲಸ್ತೀ?" ಎಂದು ಅವ್ವ ಸೆರಗಿನ ಗಂಟು ಬಿಚ್ಚಿ, ಬಿಳಿ ಅರಿವೆಯಲ್ಲಿ ಸುತ್ತಿದ ವಿಭೂತಿ ಗಟ್ಟಿಯೊಂದನ್ನು ಅವಳ ಕೈಗಿಟ್ಟರು. "ಮಠದ್ದು. ನಿಮ್ಮಪ್ಪಗ ಕೊಟ್ಟಿದ್ದು. ಎದಿ ಮ್ಯಾಲಿನ ಕಿಸೆದಾಗ ಇಟ್ಕೋ. ಸಮುದ್ರದಾಗ ಎದ್ದೈತಲ್ಲ, ಅದರ ಹೆಸರು ನಾ ತಗೊಳ್ಳೂದಿಲ್ಲ."

ತಾನು ಬಾಯಿಬಿಟ್ಟು ಹೇಳದ ಸೈಕ್ಲೋನ್ ಅವ್ವನಿಗೆ ಹೇಗೆ ಗೊತ್ತಾಯಿತೆಂದು ಕೇಳಲು ಮಹಾಶ್ವೇತಾಳಿಗೆ ತೋಚಲಿಲ್ಲ. ಹಿಂದೆ ಎಷ್ಟೋ ಸಲ "ಮೆಲ್ಬರ್ನ್ ವಿಮಾನದಾಗ ಅದೆಲ್ಲಾ ನಡೆಯಂಗಿಲ್ಲ" ಎಂದು ತಿರಸ್ಕರಿಸಿದವಳು ಈ ಸಲ ಸುಮ್ಮನೆ ತೆಗೆದುಕೊಂಡಳು. ತಗೊಂಡು ಮೂಸಿದಳು. ಚಿಕ್ಕಂದಿನಲ್ಲಿ ಪೂಜೆಯ ಲಿಂಗದ ಕರಡಿಗೆಯ ಪಕ್ಕದ ವಿಭೂತಿ ಕಡಿದು ತಿಂದು ಬೆನ್ನಿಗೆ ಗುದ್ದಿಸಿಕೊಂಡ ಹುಡುಗಿ ಅವಳು. ಮಗಳು ಹೊಟ್ಟೆಯಲ್ಲಿದ್ದಾಗ ಅರ್ಧ ಗಟ್ಟಿ ಮುಗಿಸಿದ್ದಳು. ಆ ವಾಸನೆಗೆ ಒಂದು ಗಳಿಗೆ ಎದೆ ತಣ್ಣಗಾಯಿತು.

ಕ್ವೀನ್ಸ್‌ಲ್ಯಾಂಡಿನ ಏರ್‌ಫೀಲ್ಡಿನಲ್ಲಿ ವಿಮಾನದ ಮೆಟ್ಟಿಲ ಹತ್ತಿರ ಆಲ್ರಾಯ್ ಟ್ರೇ ಹಿಡಿದು ನಿಂತಿದ್ದ. ಆಲ್ರಾಯ್ ಮಂಗಳೂರಿನ ಕ್ರಿಶ್ಚಿಯನ್ನರ ಹುಡುಗ, ಮನೆ ಮಾರ್ಸ್ಡನ್ ಪಾರ್ಕಿನಲ್ಲಿ. ಕ್ಯಾಬಿನ್ನಿನ ಭದ್ರತೆ ಅವನ ಜವಾಬ್ದಾರಿ. ಒಳಗೆ ಹೋಗುವ ಪ್ರತಿಯೊಬ್ಬರೂ ಜೇಬು ಖಾಲಿ ಮಾಡಿ ಟ್ರೇಗೆ ಹಾಕಬೇಕು. ಪೆನ್ನು, ಕೀ, ಉಂಗುರ, ಚೂಯಿಂಗ್ ಗಮ್ಮು, ಎಲ್ಲ. ಆಮೇಲೆ ಅವನು ಜೇಬುಗಳನ್ನು ತಟ್ಟಿ ನೋಡುತ್ತಾನೆ.

ಮಹಾಶ್ವೇತಾಳ ಎದೆಜೇಬಿನ ಮೇಲೆ ಉಬ್ಬಿದ್ದು ಅವನಿಗೆ ಕಂಡಿತು.

"ಎಂತದು ಅಕ್ಕಾ ಇದು?"

ಅವಳು ಜೇಬಿನ ಮೇಲೆ ಕೈಯಿಟ್ಟಳು. "ವಿಭೂತಿ."

ಬೇರೆಯವರಾಗಿದ್ದರೆ ಆಲ್ರಾಯ್ ಟ್ರೇ ಮುಂದೆ ಚಾಚುತ್ತಿದ್ದ. ಅವಳ ಮುಖ ನೋಡಿದ. ಅತ್ತಿತ್ತ ನೋಡಿ ಪ್ಯಾಂಟಿನ ತುದಿ ಒಂದಿಷ್ಟು ಎತ್ತಿದ. ಕಾಲುಚೀಲದೊಳಗೆ ಮರದ ಮಣಿಯ ಜಪಮಾಲೆ ಇಣುಕುತ್ತಿತ್ತು.

"ಅಮ್ಮ ಕೊಟ್ಟದ್ದು," ಅಂದ. "ನಿಮ್ಮದು ಒತ್ತಿದರೆ ಪುಡಿಯಾಗುವಷ್ಟು ಮೆತ್ತಗೆ ಉಂಟಲ್ಲ, ಯಾರಿಗೂ ತಾಗಿ ಪೆಟ್ಟಾಗುವುದಿಲ್ಲ. ಹೋಗಿ ಹೋಗಿ, ನಾನು ನೋಡಲಿಲ್ಲ."

ನೋಡಿ, ತಪ್ಪು ನಡೆದದ್ದು ಇಲ್ಲಿ. ಗಟ್ಟಿಯಾದದ್ದು ಮಾತ್ರ ಅಪಾಯ, ಮೆತ್ತಗಿನದು ದೇವರದು ಎಂದು ಇಬ್ಬರೂ ತಿಳಿದರು. ಇಬ್ಬರೂ ಓದಿದವರು, ಇಬ್ಬರೂ ಜೇಬು ಖಾಲಿ ಮಾಡುವ ನಿಯಮವನ್ನು ಬೇರೆಯವರಿಗೆ ಪಾಠ ಮಾಡಿದವರು. ಹೆದರಿದ ಮನುಷ್ಯನಿಗೆ ಬುದ್ಧಿ ಹೇಳುವವರು ಯಾರು?

ಒಳಗೆ ಆಲ್ರಾಯ್ ಸೇರಿ ಏಳು ಜನ. ಮುಂದೆ ಕ್ಯಾಪ್ಟನ್ ಬ್ರಾನ್ವಿನ್ ಮತ್ತು ಅವಳ ಜೊತೆ ಪೈಲಟ್. ಮಹಾಶ್ವೇತಾಳ ಎದುರಿನ ಸೀಟಿನಲ್ಲಿ ಜೊವಾನ್, ಇಪ್ಪತ್ತಾರು ವರ್ಷದ ಹುಡುಗಿ, ಸೋಂಡ್ ಬಿಡುವುದನ್ನು ಮಹಾಶ್ವೇತಾಳಿಂದಲೇ ಕಲಿಯುತ್ತಿದ್ದವಳು. ಪಕ್ಕದಲ್ಲಿ ಮೂರು ಉಪಕರಣದ ಕಪಾಟುಗಳು. ಮೂರನೆಯದು ಬೆಳಿಗ್ಗೆ ಯಾಕೋ ಬಿಸಿಯಾಗಿತ್ತೆಂದು ಅದರ ಫ್ಯಾನ್ ಬದಲಿಸಿದ್ದರು.

ಒಂದು ಗಂಟೆ ಬರೀ ಬೂದು ಮೋಡ. ಆಮೇಲೆ ಮಳೆ ವಿಮಾನದ ಮೈಗೆ ಜಲ್ಲಿಕಲ್ಲು ಎಸೆದಂತೆ ಬಡಿಯತೊಡಗಿತು. ಚಂಡಮಾರುತದ ನಡುವೆ ಒಂದು ಶಾಂತ ಕಣ್ಣು ಇರುತ್ತದೆ, ಆ ಕಣ್ಣಿನ ಸುತ್ತ ಗೋಡೆ. ಎಲ್ಲಕ್ಕಿಂತ ಕೆಟ್ಟ ಗಾಳಿ ಇರುವುದು ಆ ಗೋಡೆಯಲ್ಲಿ. ಗೋಡೆಯೊಳಗೆ ಹೊಕ್ಕಮೇಲೆ ರೆಕ್ಕೆ ಸಮವಾಗಿಟ್ಟು ನೆಟ್ಟಗೆ ಆಚೆ ಹೋಗಬೇಕು. ನಡುವೆ ತಿರುಗಿಸಿದರೆ ಗಾಳಿ ರೆಕ್ಕೆಯ ಕೆಳಗೆ ಕೈಹಾಕಿ ಮಗುಚಿಬಿಡಬಹುದು. ಇದು ಅವರ ಮೊದಲ ಪಾಠ.

"ಇನ್ ಟು ದ ವಾಲ್," ಎಂದಳು ಕ್ಯಾಪ್ಟನ್.

ವಿಮಾನ ಮೇಲಕ್ಕೆ ಎಸೆಯಲ್ಪಟ್ಟಿತು. ಮಹಾಶ್ವೇತಾಳ ಗದ್ದ ಎದೆಗೆ ಬಡಿಯಿತು. ಮರುಗಳಿಗೆ ಕೆಳಗೆ ನೆಲವೇ ಇಲ್ಲ. ಬಿದ್ದರು, ಇನ್ನೂ ಬಿದ್ದರು, ಜೀವ ಬಾಯಿಗೆ ಬಂತು, ಅಪ್ಪಾ ಎಂದು ಕೂಗಿದ್ದು ಅವಳ ಕಿವಿಗೇ ಕೇಳಲಿಲ್ಲ. ಬೀಳುವುದು ನಿಂತಾಗ ಸೀಟಿನ ಪಟ್ಟಿಯ ಬಕಲು ಎದೆಯನ್ನು ಗುದ್ದಿತು. ಜೇಬಿನಲ್ಲಿ ಏನೋ ಮುರಿದದ್ದು ಗೊತ್ತಾಯಿತು. ಪಕ್ಕೆಲುಬೇ ಇರಬೇಕೆಂದುಕೊಂಡಳು.

ಪಕ್ಕೆಲುಬಲ್ಲ. ಎರಡನೆಯ ಸಲ ಬಿದ್ದಾಗ, ಯಾವುದಕ್ಕೂ ಭಾರವೇ ಇಲ್ಲದ ಆ ಎರಡು ಸೆಕೆಂಡಿನಲ್ಲಿ, ಅವಳ ಮುಖದ ಮುಂದೆ ಬಿಳಿ ಮೋಡವೊಂದು ಎದ್ದಿತು. ತಂಪು ಗಾಳಿಯ ತೂತುಗಳು ಅದನ್ನು ಇಡೀ ಕ್ಯಾಬಿನ್ನಿಗೆ ಹರಡಿದವು. ಸಣ್ಣ ದೀಪದ ಬೆಳಕಿನಲ್ಲಿ ಅದು ಮೂರನೆಯ ಕಪಾಟಿನಿಂದ ಎದ್ದಂತೆ ಕಂಡಿತು.

"ಸ್ಮೋಕ್!" ಜೊವಾನ್ ಕಿರುಚಿದಳು. "ಸ್ಮೋಕ್ ಇನ್ ದ ಕ್ಯಾಬಿನ್!"

ಏಳು ಜನರೂ ಮುಖಕ್ಕೆ ಆಮ್ಲಜನಕದ ಮಾಸ್ಕ್ ಏರಿಸಿದರು. ಹೆಡ್‌ಸೆಟ್ಟಿನಲ್ಲಿ ಕ್ಯಾಪ್ಟನ್ನಳ ದನಿ ಬಂತು. ಆ ದನಿಯಲ್ಲಿ ಗಾಬರಿ ಇರಲಿಲ್ಲ, ಅದೇ ಹೆಚ್ಚು ಹೆದರಿಸಿತು. ಮೂವತ್ತು ಸೆಕೆಂಡಿನಲ್ಲಿ ಹಿಂಭಾಗದ ಕರೆಂಟು ಪೂರ್ತಿ ತೆಗೆಯುತ್ತೇನೆ, ರಾಡಾರೂ ಹೋಗುತ್ತದೆ, ಎಡಕ್ಕೆ ತಿರುಗಿ ಬಂದ ದಾರಿಯಲ್ಲೇ ಹೊರಗೆ ಹೋಗುತ್ತೇವೆ, ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದಳು. ಬೆಂಕಿ ಬಿದ್ದ ವಿಮಾನವನ್ನು ಇನ್ನೂ ಒಳಕ್ಕೆ ಒಯ್ಯುವ ಹಾಗಿಲ್ಲ. ಗೋಡೆಯ ನಡುವೆ, ಕುರುಡಾಗಿ, ತಿರುಗಿಸುವುದು. ಅದರ ಅರ್ಥ ಏಳೂ ಜನಕ್ಕೆ ಗೊತ್ತಿತ್ತು.

ಮಹಾಶ್ವೇತಾ ಎದೆ ನೋಡಿಕೊಂಡಳು. ಜೇಬಿನ ಮೇಲೆಲ್ಲ ಬಿಳಿ. ಇದು ಹೊಗೆಯಲ್ಲ, ನಂದು, ನಮ್ಮವ್ವನ ವಿಭೂತಿ! ಹೇಳಬೇಕು. ಹೇಳಿದರೆ ಹದಿನಾಲ್ಕು ವರ್ಷದ ಕೆಲಸ ಇವತ್ತಿಗೆ ಮುಗಿಯಿತು. ಹಾಳಾಗಿ ಹೋಗಲಿ ಕೆಲಸ, ಅದಲ್ಲ ಅವಳನ್ನು ಹಿಡಿದು ನಿಲ್ಲಿಸಿದ್ದು. ಎದೆಯ ಮೇಲಿನದು ವಿಭೂತಿ, ಸರಿ. ಆದರೆ ಆ ಮೂರನೆಯ ಕಪಾಟು? ಬೆಳಿಗ್ಗೆ ಬಿಸಿಯಾಗಿದ್ದ ಕಪಾಟು? ಎರಡೂ ಒಟ್ಟಿಗೇ ಆಗಿದ್ದರೆ? ಹೊಗೆಯಲ್ಲ ಎಂದು ತಾನು ಹೇಳಿ, ಅದು ಹೊಗೆಯೇ ಆಗಿದ್ದರೆ ಆರು ಜನರನ್ನು ತಾನೇ ಸುಟ್ಟ ಹಾಗೆ.

ಇಪ್ಪತ್ತು ಸೆಕೆಂಡ್ ಎಂದಳು ಕ್ಯಾಪ್ಟನ್.

ಮಹಾಶ್ವೇತಾ ಮಾಸ್ಕ್ ಕಿತ್ತಳು. ಮಾಡಬಾರದ್ದು ಅದು, ನಿಜವಾದ ಹೊಗೆಯಾಗಿದ್ದರೆ ಎರಡು ಉಸಿರಿಗೆ ತಲೆ ತಿರುಗುತ್ತದೆ. ಭುಜದ ಪಟ್ಟಿ ಸಡಿಲಿಸಿ ಮೈಯನ್ನೆಲ್ಲ ಚಾಚಿ ಮೂರನೆಯ ಕಪಾಟಿನ ನೆತ್ತಿಯ ಮೇಲೆ ಬೆರಳು ಎಳೆದಳು. ವಿಮಾನ ಅದುರಿ ಅವಳ ತಲೆ ಕಬ್ಬಿಣಕ್ಕೆ ಬಡಿಯಿತು. ಬೆರಳು ಬಿಡಲಿಲ್ಲ. ಬಾಯಿಗಿಟ್ಟುಕೊಂಡಳು.

ನಾಲಿಗೆಗೆ ತಂಪು ತಾಗಿತು. ನುಣ್ಣಗೆ ಕರಗಿತು, ಕೊನೆಗೊಂದು ಸಣ್ಣ ಉಪ್ಪು. ಸುಟ್ಟ ವೈರಿನ ಕಹಿ ಎಲ್ಲೂ ಇಲ್ಲ. ನಲವತ್ತು ವರ್ಷ ಕದ್ದು ತಿಂದದ್ದರ ರುಚಿ ನಾಲಿಗೆ ಮರೆಯುತ್ತದೆಯೇ?

"ಹೊಗಿ ಅಲ್ರೀ!" ಎಂದು ಮೈಕಿನಲ್ಲಿ ಚೀರಿದಳು. ಇಂಗ್ಲಿಷೆಲ್ಲ ಎಲ್ಲಿ ಹೋಯಿತೋ. "ತಿರಗಸಬ್ಯಾಡ್ರೀ! ವಿಭೂತಿ ಅದು, ನಂದು, ನಾ ತಂದೇನಿ!"

ಆ ಮಾತು ವಿಮಾನದಲ್ಲಿ ಅರ್ಥವಾಗುವವನು ಒಬ್ಬನೇ. ಆಲ್ರಾಯ್ ಸುಮ್ಮನಿದ್ದರೆ ಅವನ ತಪ್ಪು ಯಾರಿಗೂ ತಿಳಿಯುತ್ತಿರಲಿಲ್ಲ, ತಿಳಿಯಲು ಯಾರೂ ಉಳಿಯುತ್ತಿರಲೂ ಇಲ್ಲ. ಅವನು ಒಂದು ಗಳಿಗೆಯೂ ತಡಮಾಡದೆ ಇಂಗ್ಲಿಷಿನಲ್ಲಿ ಹೇಳಿದ: ಕ್ಯಾಪ್ಟನ್, ಅದು ಹೊಗೆಯಲ್ಲ, ಪೂಜೆಯ ಬೂದಿ, ಅವಳ ಜೇಬಿನಲ್ಲಿತ್ತು, ಗೊತ್ತಿದ್ದೂ ಒಳಗೆ ಬಿಟ್ಟವನು ನಾನು.

ಸೆಕೆಂಡಿನ ಎಣಿಕೆ ನಿಂತಿತು. ಆಮೇಲೆ ಕ್ಯಾಪ್ಟನ್ ಕೇಳಿದಳು, "ಹೌ ಶೂರ್ ಆರ್ ಯೂ?"

"ಐ ಹ್ಯಾವ್ ಈಟನ್ ಇಟ್," ಎಂದಳು ಮಹಾಶ್ವೇತಾ.

ವಿಮಾನ ತಿರುಗಲಿಲ್ಲ. ನೆಟ್ಟಗೆ ಹೋಯಿತು. ಇನ್ನೆರಡು ನಿಮಿಷ ಅವರೆಲ್ಲ ಒನಕೆಯ ಕೆಳಗಿನ ಕಾಳಿನಂತೆ ಕುಟ್ಟಿಸಿಕೊಂಡರು. ಆಮೇಲೆ ಸದ್ದೆಲ್ಲ ಒಮ್ಮೆಲೇ ನಿಂತು ಕಿಟಕಿಯಿಂದ ಬಿಸಿಲು ಬಂತು.

ಚಂಡಮಾರುತದ ಕಣ್ಣು ಅದು. ಮೇಲೆ ನೀಲಿ ಆಕಾಶ, ಸುತ್ತಲೂ ಹತ್ತು ಮೈಲಿ ಎತ್ತರದ ಬಿಳಿ ಗೋಡೆ, ದೊಡ್ಡ ಬಾವಿಯ ತಳದಲ್ಲಿ ಕೂತು ಮೇಲೆ ನೋಡಿದ ಹಾಗೆ. ಚೆಂದವೇ, ಚೆಂದವಿಲ್ಲ ಎನ್ನುವುದಿಲ್ಲ. ಆದರೆ ಹೊರಗೆ ಹೋಗಬೇಕಾದರೆ ಆ ಗೋಡೆಯನ್ನು ಮತ್ತೊಮ್ಮೆ ದಾಟಬೇಕು ಎಂದು ಗೊತ್ತಿರುವವರಿಗೆ ಆ ಚೆಂದ ಏನು ಮಾಡೀತು? ಜೊವಾನ್ ಮಾಸ್ಕಿನೊಳಗೆ ಅಳುತ್ತಿದ್ದಳು. ಎಲ್ಲರ ತಲೆ, ಹುಬ್ಬು, ಭುಜದ ಮೇಲೆಲ್ಲ ಶಾಂತವೀರಪ್ಪನವರ ವಿಭೂತಿ ಬಿದ್ದಿತ್ತು.

"ಡ್ರಾಪ್," ಎಂದಳು ಕ್ಯಾಪ್ಟನ್, ಅಷ್ಟೇ.

ಮಹಾಶ್ವೇತಾ ಕೊಳವೆಯಿಂದ ಸೋಂಡ್ ಬಿಟ್ಟಳು. ಕಡೆಗೆ ಬಂದ ಒತ್ತಡದ ಅಂಕಿ ಎಲ್ಲರೂ ಅಂದುಕೊಂಡದ್ದಕ್ಕಿಂತ ತೀರ ಕೆಳಗಿತ್ತು. ಒತ್ತಡ ಕುಸಿದಷ್ಟೂ ಗಾಳಿ ಜೋರು. ಅವಳು ಅದನ್ನು ಮೂರು ಸಲ ಓದಿ ಕಳಿಸಿದಳು. ಅಂದು ಸಂಜೆಯೊಳಗೆ ಕರಾವಳಿಯ ಎರಡು ಊರು ಖಾಲಿಯಾದವು.

ಗೋಡೆಯನ್ನು ಮತ್ತೆ ದಾಟಿ ಬಂದು ಇಳಿದ ಮೇಲೆ ಕ್ಯಾಪ್ಟನ್ ಬ್ರಾನ್ವಿನ್ ಇಬ್ಬರನ್ನೂ ರೆಕ್ಕೆಯ ನೆರಳಿಗೆ ಕರೆದಳು. ಆಲ್ರಾಯ್ ಕೇಳುವ ಮೊದಲೇ ಜಪಮಾಲೆ ತೆಗೆದು ಅವಳ ಕೈಯಲ್ಲಿಟ್ಟ. ನೀವು ನಿಜ ಹೇಳಿದ್ದಕ್ಕೆ ಏಳು ಜನ ಬದುಕಿದ್ದೇವೆ, ಮುಚ್ಚಿ ತಂದದ್ದಕ್ಕೆ ಏಳು ಜನ ಸಾಯುತ್ತಿದ್ದೆವು, ನಾನು ಎರಡನ್ನೂ ಬರೆಯುತ್ತೇನೆ ಎಂದಳು ಅವಳು. ಮಹಾಶ್ವೇತಾಳಿಗೆ ಅಪ್ಪನ ಲೆಡ್ಜರ್ ನೆನಪಾಗಿ ಕಣ್ಣು ತುಂಬಿತು. ಬರೆಯಿರಿ ಎಂದಳು. ಆ ಸೀಸನ್ ಮುಗಿಯುವವರೆಗೆ ಇಬ್ಬರೂ ವಿಮಾನ ಹತ್ತುವ ಹಾಗಿಲ್ಲ ಎಂದಾಯಿತು, ಆಮೇಲಿನದು ಆಮೇಲೆ.

ಕೆಲ್ಲಿವಿಲ್‌ಗೆ ಬಂದಾಗ ಗಿರಿಜವ್ವ ಅವಳ ಹಣೆಯ ಗಾಯ ನೋಡಿದರು, ಜೇಬು ಮುಟ್ಟಿ ನೋಡಿದರು.

"ಕಾಯ್ತೋ ಇಲ್ಲೋ ವಿಭೂತಿ?"

"ಸಾಯಸ್ತಿತ್ತವ್ವಾ," ಎಂದಳು ಮಹಾಶ್ವೇತಾ. ಅಂದು ಮೊದಲ ಸಲ ಅವ್ವನ ಮುಂದೆ ಎಲ್ಲ ಹೇಳಿದಳು, ಹದಿನಾಲ್ಕು ವರ್ಷದ್ದೂ ಸೇರಿಸಿ. ಅವ್ವ ವಾದ ಮಾಡಲಿಲ್ಲ. ಎದ್ದು ಹೋಗಿ ರೊಟ್ಟಿಗೆ ನೀರು ಕುದಿಯಲಿಟ್ಟರು.

ಐದು ವಾರದ ಮೇಲೆ ಇನ್ನೊಂದು ಸೈಕ್ಲೋನ್ ಎದ್ದಿತು. ಮಹಾಶ್ವೇತಾಳ ಸೀಟಿನಲ್ಲಿ ಜೊವಾನ್ ಹೋದಳು. ಮಧ್ಯಾಹ್ನ ಎರಡಕ್ಕೆ ಕ್ವೀನ್ಸ್‌ಲ್ಯಾಂಡಿನಿಂದ ವಿಮಾನ ಹೊರಟಿತೆಂದು ಆಲ್ರಾಯ್ ಮೆಲ್ಬರ್ನಿನಿಂದ ಮೆಸೇಜ್ ಹಾಕಿದ. ಮಹಾಶ್ವೇತಾ ಅಡಿಗೆಮನೆಯ ಮೇಜಿನ ಮುಂದೆ ಫೋನ್ ಇಟ್ಟುಕೊಂಡು, ವಿಮಾನಗಳ ದಾರಿ ತೋರಿಸುವ ಆ್ಯಪ್ ಹುಡುಕತೊಡಗಿದಳು. ಅದು ಅವಳ ಫೋನಿನಲ್ಲಿ ಇರಲೇ ಇಲ್ಲ. ಒಳಗೆ ಕೂತವರಿಗೆ ಅದು ಯಾಕೆ ಬೇಕು?

ಗಿರಿಜವ್ವ ಬಂದು ತಮ್ಮ ಫೋನನ್ನು ಅವಳ ಮುಂದಿಟ್ಟರು. ನೀಲಿ ಸಮುದ್ರದ ಮೇಲೆ ಹಳದಿ ಚುಕ್ಕಿಯೊಂದು ಹರಿದಾಡುತ್ತಿತ್ತು. ಇಂಗ್ಲಿಷ್ ಅಕ್ಷರ ಬಾರದ ಅವ್ವ!

"ನಿನ್ನ ಮಗಳು ಹಾಕಿಕೊಟ್ಟಾಳ," ಎಂದರು. "ಮೂರು ವರ್ಷಾತು."

ಇಬ್ಬರೂ ನೋಡುತ್ತ ಕೂತರು. ಮೂರೂ ಹತ್ತಕ್ಕೆ ಚುಕ್ಕಿ ನಿಂತುಬಿಟ್ಟಿತು. ಮಹಾಶ್ವೇತಾ ಪರದೆಯನ್ನು ಬೆರಳಿನಿಂದ ಒತ್ತಿದಳು, ತಿಕ್ಕಿದಳು, ಎದ್ದು ನಿಂತಳು. ದಡ ದೂರವಾದರೆ ಸಿಗ್ನಲ್ ಹೋಗುತ್ತದೆಂದು ಅವಳಿಗಿಂತ ಚೆನ್ನಾಗಿ ತಿಳಿದವರು ಯಾರು? ಆದರೂ ಕೂರಲಾಗಲಿಲ್ಲ. ಈಗ ಗೋಡೆ. ಈಗ ಬೀಳುತ್ತಿದ್ದಾರೆ. ಆ ಹುಡುಗಿ ಪಟ್ಟಿ ಬಿಗಿದಿದ್ದಾಳೋ ಇಲ್ಲವೋ! ಒಳಗೆ ಇದ್ದಾಗ ಮಾಡಲಿಕ್ಕೆ ಕೈಯಲ್ಲಿ ಕೆಲಸವಾದರೂ ಇರುತ್ತಿತ್ತು. ಇಲ್ಲಿ ಏನೂ ಇಲ್ಲ, ಬರೀ ನಿಂತ ಚುಕ್ಕಿ. ಇಂಥ ಹೆದರಿಕೆ ಅವಳು ಆ ವಿಮಾನದಲ್ಲಿ ಒಂದು ದಿನವೂ ಪಟ್ಟಿರಲಿಲ್ಲ.

"ಕುಂದ್ರು," ಎಂದರು ಗಿರಿಜವ್ವ. "ಹಂಗ ನಿಲ್ತೈತಿ ಅದು. ಒಮ್ಮೊಮ್ಮೆ ಅರ್ಧ ತಾಸು. ಹೋದ ಸಲ ನೀ ಇದ್ದಾಗ ಒಂದು ತಾಸು ಹತ್ತು ನಿಮಿಷ ನಿಂತಿತ್ತು."

ಮಹಾಶ್ವೇತಾ ಅವ್ವನ ಮುಖ ನೋಡಿದಳು. ಅವ್ವ ಚುಕ್ಕಿಯಿಂದ ಕಣ್ಣು ತೆಗೆಯಲಿಲ್ಲ. ಸೆರಗಿನ ಗಂಟು ಬಿಚ್ಚಿ, ಇನ್ನೊಂದು ಗಟ್ಟಿಯ ವಿಭೂತಿ ಪುಡಿಯಲ್ಲಿ ಮೂರು ಬೆರಳು ಅದ್ದಿ ತಮ್ಮ ಹಣೆಗೆ ಎಳೆದುಕೊಂಡರು, ಮತ್ತೆ ಅದ್ದಿ ಮಗಳ ಹಣೆಗೂ ಎಳೆದರು. ಮಾಯುತ್ತಿದ್ದ ಗಾಯ ಚುರುಗುಟ್ಟಿತು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಕೂತರು.

ಮೂರೂ ಐವತ್ತೆರಡಕ್ಕೆ ಚುಕ್ಕಿ ಕದಲಿತು. ದಡದ ಕಡೆ ಹೊರಳಿತು. ಮಹಾಶ್ವೇತಾ ಮೇಜಿನ ಮೇಲೆ ತಲೆಯಿಟ್ಟು ಅತ್ತಳು.

ಅವ್ವ ಅವಳ ಬೆನ್ನು ಸವರಿದರು. "ಮುಂದಿನ ವರ್ಷ ಕರದ್ರ ಹೋಗ್ತೀ ಏನು?"

ಅವಳು ಮುಖ ಒರೆಸಿಕೊಂಡು ಹೇಳಿದಳು, "ಹೋಗಬೇಕನಸ್ತೈತವ್ವಾ. ಭಾಳ ಅಂಜಿಕಿ ಬರ್ತೈತಿ. ಆದ್ರೂ ಹೋಗಬೇಕನಸ್ತೈತಿ."

"ಹೋಗು," ಎಂದರು ಗಿರಿಜವ್ವ, ಅರಿವೆಯ ಗಂಟನ್ನು ಮತ್ತೆ ಸೆರಗಿಗೆ ಬಿಗಿಯುತ್ತ. "ವಿಭೂತಿ ಮಾತ್ರ ಕೊಡಂಗಿಲ್ಲ. ಅದು ಇಲ್ಲಿ ನನಗ ಬೇಕು."